ಆಫೀಸ್ ಫೋನು, ಕೈಲಿರೋ ಮೊಬೈಲು, ಕಂಪ್ಯೂಟರಲ್ಲಿರೋ ಸಾಫ್ಟ್‌ವೇರು: ಜೋಡಿಸುವಾಗ ಯಾವುದು ಮೊದಲು, ಯಾವುದು ಆಮೇಲೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಮಂಡಿ, ಕ್ಲಿನಿಕ್ಕು, ಹೋಂಸ್ಟೇ, ಗೊಬ್ಬರದಂಗಡಿ ನಡೆಸೋರು ನನ್ನನ್ನ ಕರೆಸೋದು ಹೆಚ್ಚಾಗಿ ಎಲ್ಲಾ ಕೆಟ್ಟ ಮೇಲೆ. ಅಷ್ಟೊತ್ತಿಗೆ ಒಂದು ಆಪ್ ತಗೊಂಡಾಗಿರತ್ತೆ, ಸಿಆರ್‌ಎಂಗೆ (ಗಿರಾಕಿಗಳ ಪಟ್ಟಿ, ವ್ಯವಹಾರ ಬರೆದಿಡೋ ಸಾಫ್ಟ್‌ವೇರಿಗೆ) ವರ್ಷದ ದುಡ್ಡೂ ಕಟ್ಟಿ ಆಗಿರತ್ತೆ, ಆದ್ರೆ ಗಿರಾಕಿ ಫೋನ್ ಮಾಡಿದ್ರೆ ಆಫೀಸಲ್ಲಿ ರಿಂಗಾಗಲ್ಲ, ಮೊಬೈಲಿಗೆ ಬಂದ ಕಾಲು ಯಾರದ್ದು ಅಂತ ಗೊತ್ತಾಗಲ್ಲ, ಸಾಫ್ಟ್‌ವೇರಲ್ಲಿ ಒಬ್ಬರೇ ರೈತರು ಮೂರು ಸಲ ಬೇರೆ ಬೇರೆ ಹೆಸರಲ್ಲಿ ಕೂತಿರ್ತಾರೆ. ಸಾಮಾನು ಕೆಟ್ಟದ್ದಲ್ಲ, ಜೋಡಿಸಿದ ಕ್ರಮ ತಲೆಕೆಳಗಾಗಿರತ್ತೆ. ಸಾಫ್ಟ್‌ವೇರಿಂದ ಶುರು ಮಾಡಿ ಕೊನೆಗೆ ಲೈನ್ ಹತ್ರ ಬಂದಿರ್ತಾರೆ, ಅದು ಉಲ್ಟಾ ಆಗಬೇಕು.

ಕೆಳಗೆಲ್ಲ ಒಂದೇ ಉದಾಹರಣೆ ಇಟ್ಕೊಂಡು ಹೇಳ್ತೀನಿ: ಎಪಿಎಂಸಿ ಹತ್ರದ ಒಂದು ಅಡಿಕೆ ಮಂಡಿ, ಕೌಂಟರಲ್ಲಿ ಒಬ್ರು, ಲೆಕ್ಕದವರು ಒಬ್ರು, ಗೋಡೌನಲ್ಲಿ ಒಬ್ರು, ಸಾಗರದಲ್ಲಿ ಒಬ್ರು, ಮತ್ತೆ ದಿನಪೂರ್ತಿ ಓಡಾಟದಲ್ಲೇ ಇರೋ ಸಾಹುಕಾರ್ರು. ನಿಮ್ಮದು ಬೇರೆ ವ್ಯವಹಾರ ಆಗಿದ್ರೂ ಲೆಕ್ಕಾಚಾರ ಇದೇ.

ಕೈಲಿ ಇರಬೇಕಾದ್ದು

ಒಂದು ದೊಡ್ಡ ಹಾಳೆ, ಈಗಿರೋ ಎಲ್ಲಾ ಫೋನ್ ಕನೆಕ್ಷನ್ನಿನ ಬಿಲ್ಲು, ರೂಟರಿನ ಅಡ್ಮಿನ್ ಪಾಸ್‌ವರ್ಡು, ಪರೀಕ್ಷೆಗೆ ಬೇರೆ ಬೇರೆ ಕಂಪನಿಯ ಸಿಮ್ ಇರೋ ಎರಡು ಮೊಬೈಲು, ಒಂದು ಲ್ಯಾಂಡ್‌ಲೈನ್ ಸೆಟ್ಟು, ಒಂದು ಲ್ಯಾಪ್‌ಟಾಪು. ರೂಟರ್ ಪಾಸ್‌ವರ್ಡ್ ಇಲ್ಲದೇ ಕೆಲಸ ಶುರು ಮಾಡಬೇಡಿ, ಅರ್ಧಕ್ಕೆ ನಿಲ್ಲೋದು ಅಲ್ಲೇ.

ಹಂತ 1: ಕಾಲ್ ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಅಂತ ಹಾಳೆ ಮೇಲೆ ಬರೀರಿ

ಒಂದು ವಾರ ಬರೋ ಕಾಲನ್ನೆಲ್ಲ ಪುಸ್ತಕದಲ್ಲಿ ಬರೆಸಿ: ಎಷ್ಟೊತ್ತಿಗೆ ಬಂತು, ಏನಕ್ಕೆ ಬಂತು, ಯಾರು ಮಾತಾಡಿದ್ರು. ಮಂಡಿಲಿ ಬರೆಸಿ ನೋಡಿದಾಗ ಬಹಳಷ್ಟು ಕಾಲು "ಇವತ್ತು ರಾಶಿ ರೇಟೆಷ್ಟು, ಬೆಟ್ಟೆ ಎಷ್ಟಕ್ಕೋಯ್ತು" ಅನ್ನೋದೇ ಆಗಿತ್ತು, ಅದಕ್ಕೆ ಮನುಷ್ಯರೇ ಬೇಕಂತಿಲ್ಲ, ಬೆಳಗ್ಗೆ ಒಂದ್ಸಲ ರೆಕಾರ್ಡ್ ಮಾಡಿಟ್ರೆ ಸಾಕು. ದುಡ್ಡಿನ ವಿಚಾರದ ಕಾಲು ಲೆಕ್ಕದವರಿಗೆ, ಲೋಡಿನ ವಿಚಾರ ಗೋಡೌನಿಗೆ.

ಪ್ರತಿ ದಾರಿಗೂ ಮೂರು ಪ್ರಶ್ನೆಗೆ ಉತ್ತರ ಬರೀರಿ. ಮೊದಲು ಯಾರಿಗೆ ರಿಂಗಾಗಬೇಕು? ಅವರು ಎತ್ತದಿದ್ರೆ ಎಷ್ಟು ಸೆಕೆಂಡಾದ ಮೇಲೆ ಯಾರಿಗೆ? ಯಾರೂ ಎತ್ತದಿದ್ರೆ ಏನು? ಮೂರನೇದನ್ನ ಬಿಟ್ಟವರೇ ಜಾಸ್ತಿ, ಹಂಗಾಗಿ ಕಾಲು ಸುಮ್ನೆ ರಿಂಗಾಗಿ ಕಟ್ಟಾಗತ್ತೆ, ಸಾಗರದ ಒಳಗಿಂದ ಫೋನ್ ಮಾಡಿದ ರೈತ ಪಕ್ಕದ ಮಂಡಿಗೆ ಹೋಗ್ತಾನೆ.

ಒಟ್ಟಿಗೇ ಎಷ್ಟು ಕಾಲ್ ಬರ್ತಾವೆ ಅನ್ನೋದನ್ನೂ ಈಗಲೇ ಗುರುತು ಹಾಕ್ಕೊಳಿ, ಅದೂ ಕೊಯ್ಲಿನ ಸೀಸನ್ ಲೆಕ್ಕದಲ್ಲಿ. ಮಳೆಗಾಲದ ಖಾಲಿ ದಿನ ನೋಡಿ ಲೈನ್ ತಗೊಂಡ್ರೆ ನವೆಂಬರಲ್ಲಿ ಎಲ್ಲರಿಗೂ ಎಂಗೇಜ್ ಟೋನೇ.

ಹಂತ 2: ನಂಬರು ಮತ್ತೆ ಲೈನು

ನಂಬರು ಯಾರ ಹೆಸರಲ್ಲಿದೆ ಬಿಲ್ಲಲ್ಲಿ ನೋಡಿ. ತೀರಿಹೋದ ತಂದೆ ಹೆಸರಲ್ಲೋ, ಹಳೇ ಪಾಲುದಾರರ ಹೆಸರಲ್ಲೋ ಇದ್ರೆ ಮೊದಲು ಹೆಸರು ಬದಲಾಯಿಸ್ಕೊಳಿ, ಯಾಕಂದ್ರೆ ಮುಂದೆ ಸಿಪ್ ಟ್ರಂಕ್ (ನೆಟ್ ಮೇಲೆ ಬರೋ ಫೋನ್ ಲೈನು) ತಗೊಳೋದಕ್ಕಾಗ್ಲಿ, ಫೋನ್ ಸಿಸ್ಟಮ್ಮನ್ನ ಇಂಟರ್ನೆಟ್ಟಲ್ಲೇ ನಡೆಸಿಕೊಡೋ ಕ್ಲೌಡ್ ಕಂಪನಿಗೆ ನಂಬರ್ ಕೊಡೋದಕ್ಕಾಗ್ಲಿ ಕೆವೈಸಿ ಬೇಕೇ ಬೇಕು. 08182 ಕೋಡಿನ ಹಳೇ ನಂಬರು ಊರಿಗೆಲ್ಲ ಗೊತ್ತಿರತ್ತೆ, ಹೊಸ ಸಿಸ್ಟಮ್ ಪೂರ್ತಿ ನಿಂತು ಪರೀಕ್ಷೆ ಆಗೋ ತನಕ ಅದನ್ನ ಸರೆಂಡರ್ ಮಾಡಲೇಬೇಡಿ.

ಲೈನ್ ಮೂರು ಥರ. ಸಾದಾ ಲ್ಯಾಂಡ್‌ಲೈನು: ಒಂದು ಲೈನಿಗೆ ಒಂದೇ ಕಾಲು. ಪಿಆರ್‌ಐ: ಒಂದು ಕನೆಕ್ಷನಲ್ಲಿ 30 ಕಾಲು, ಸಣ್ಣವರಿಗೆ ಜಾಸ್ತಿ ಆಯ್ತು. ಸಿಪ್ ಟ್ರಂಕು: ಇಂಟರ್ನೆಟ್ ಥರದ ಲಿಂಕ್ ಮೇಲೇ ಬರತ್ತೆ, ಬೇಕಾದಷ್ಟು ಚಾನೆಲ್ (ಒಂದು ಚಾನೆಲ್ಲಿಗೆ ಒಂದು ಕಾಲು) ತಗೋಬಹುದು.

ಇಲ್ಲಿ ಸುಮಾರು ಜನ ಎಡವೋ ಲೆಕ್ಕ ಒಂದಿದೆ. ಆಫೀಸಿಗೆ ಬಂದ ಕಾಲನ್ನ ನಿಮ್ಮ ಪಿಬಿಎಕ್ಸು (ಬಂದ ಕಾಲನ್ನ ಯಾರಿಗೆ ಕಳಿಸಬೇಕು ಅಂತ ನೋಡ್ಕೊಳೋ ಆಫೀಸಿನ ಫೋನ್ ಸಿಸ್ಟಮ್ಮು) ಹೊರಗಡೆ ಮೊಬೈಲಿಗೆ ಕಳಿಸಿದ್ರೆ ಎರಡು ಲೈನ್ ಹಿಡಿಯತ್ತೆ, ಒಳಗೆ ಬಂದಿದ್ದಕ್ಕೊಂದು, ಹೊರಗೆ ಹೋಗಿದ್ದಕ್ಕೊಂದು. ಎರಡೇ ಲ್ಯಾಂಡ್‌ಲೈನ್ ಇದ್ರೆ ಸಾಹುಕಾರ್ರು ತೋಟದಲ್ಲಿ ನಿಂತು ಒಂದು ಕಾಲ್ ಮಾತಾಡ್ತಿರೋವಾಗ ಇಡೀ ಮಂಡಿ ಎಂಗೇಜ್. ಮೊಬೈಲಿಗೆ ಫಾರ್ವರ್ಡ್ ಮಾಡೋ ಆಲೋಚನೆ ಇದ್ರೆ ಚಾನೆಲ್ಲನ್ನ ಎರಡರ ಲೆಕ್ಕದಲ್ಲೇ ತಗೊಳಿ.

ಲೈಸೆನ್ಸ್ ಇರೋ ಕಂಪನಿಯಿಂದ್ಲೇ ಟ್ರಂಕ್ ತಗೊಳಿ. ಆಫೀಸಿನ ಹೊರಗೆ ಮೊಬೈಲ್ ಆಪಲ್ಲಿ ಎಕ್ಸ್‌ಟೆನ್ಷನ್ (ಆಫೀಸಿನ ಒಳಗಿನ ಫೋನ್ ನಂಬರು) ಬಳಸಬಹುದಾ ಅಂತ ಅವರ ಹತ್ರ ಬರವಣಿಗೆಲಿ ಕೇಳಿ ಇಟ್ಕೊಳಿ. ಸಿಮ್ ಬಾಕ್ಸ್ (ಸುಮಾರು ಸಿಮ್ ಒಟ್ಟಿಗೆ ಹಾಕೋ ಡಬ್ಬ) ಹಾಕಿ ಹೊರದೇಶದ ಕಾಲನ್ನ ಲೋಕಲ್ ಕಾಲಾಗಿ ತಿರುಗಿಸೋದು ಅಪರಾಧ, ಯಾರಾದ್ರೂ ಕಡಿಮೆ ಖರ್ಚಿನ ದಾರಿ ಅಂತ ತೋರಿಸಿದ್ರೆ ಬಾಗಿಲಲ್ಲೇ ವಾಪಸ್ ಕಳಿಸಿ.

ಹಂತ 3: ಕರೆಂಟು, ನೆಟ್ಟು, ಸಿಡಿಲು

ಬೆಂಗಳೂರಿನ ಮಾರ್ಗದರ್ಶಿಗಳಲ್ಲಿ ಈ ಹಂತ ಒಂದು ಸಾಲಲ್ಲಿ ಮುಗಿಯತ್ತೆ, ನಮ್ಮಲ್ಲಿ ಅರ್ಧ ಕೆಲಸ ಇದೇ.

ತಾಮ್ರದ ತಂತಿಯ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿಂದ್ಲೇ 48 ವೋಲ್ಟ್ ಬರ್ತಿತ್ತು, ಮೆಸ್ಕಾಂ ಕರೆಂಟ್ ಹೋದ್ರೂ ಫೋನ್ ಬದುಕಿರ್ತಿತ್ತು. ಈಗ ಲ್ಯಾಂಡ್‌ಲೈನ್ ನಂಬರು ಫೈಬರ್ ಮೋಡೆಮ್ಮಿನ ಫೋನ್ ಪೋರ್ಟಲ್ಲಿ ಬರತ್ತೆ, ಮೋಡೆಮ್ ಆರಿದ್ರೆ ಫೋನೂ ಸತ್ತ ಹಂಗೆ. ನಾನು ನೋಡಿದ ಒಂದು ಆಫೀಸಲ್ಲಿ ಪಿಬಿಎಕ್ಸಿಗೆ, ಕಂಪ್ಯೂಟರಿಗೆ ದೊಡ್ಡ ಯುಪಿಎಸ್ ಇತ್ತು, ಫೈಬರ್ ಮೋಡೆಮ್ ಮಾತ್ರ ಬಾಗಿಲ ಪಕ್ಕದ ಸಾದಾ ಪ್ಲಗ್ಗಲ್ಲಿ. ಕರೆಂಟ್ ಹೋದಾಗೆಲ್ಲ ಎಲ್ಲಾ ಲೈಟೂ ಉರೀತಿರೋದು, ಕಾಲ್ ಮಾತ್ರ ಬರ್ತಿರಲಿಲ್ಲ. ಮೋಡೆಮ್, ರೂಟರ್, ನೆಟ್‌ವರ್ಕ್ ಸ್ವಿಚ್, ಪಿಬಿಎಕ್ಸ್ ನಾಲ್ಕೂ ಒಂದೇ ಯುಪಿಎಸ್ಸಲ್ಲಿ ಇರಲಿ, ಹಾಕಿದ ಮೇಲೆ ಮೇನ್ ಸ್ವಿಚ್ ಆಫ್ ಮಾಡಿಯೇ ಒಂದು ಕಾಲ್ ಮಾಡಿ ನೋಡಿ.

ಸಿಡಿಲು ಕರೆಂಟ್ ತಂತಿಲಿ ಮಾತ್ರ ಬರಲ್ಲ, ಹಳೇ ತಾಮ್ರದ ಫೋನ್ ತಂತಿಲೂ ಬರತ್ತೆ, ಏಪ್ರಿಲ್ ಮೇ ತಿಂಗಳ ಗುಡುಗು ಮಳೆಗೆ ಸುಟ್ಟುಹೋಗೋದು ಪಿಬಿಎಕ್ಸಿನ ಎಫ್‌ಎಕ್ಸ್‌ಒ ಪೋರ್ಟು, ಅಂದ್ರೆ ಹೊರಗಿನ ಲೈನ್ ಬಂದು ಸೇರೋ ಜಾಗ. ಫೋನ್ ಲೈನಿಗೆ ಬೇರೆ ಸರ್ಜ್ ಪ್ರೊಟೆಕ್ಟರ್ ಹಾಕಿ, ಅದಕ್ಕೆ ಸರಿಯಾದ ಅರ್ತಿಂಗ್ ಕೊಡಿ. ಅರ್ತಿಂಗ್ ಇಲ್ಲದ ಪ್ರೊಟೆಕ್ಟರ್ ಇದ್ದೂ ಇಲ್ಲದ ಹಂಗೆ. ಕಟ್ಟಡದಿಂದ ಗೋಡೌನಿಗೆ ಹೊರಗಡೆ ಎಳೆಯೋ ನೆಟ್‌ವರ್ಕ್ ಕೇಬಲ್ ಬದಲು ಫೈಬರ್ ಎಳೀರಿ, ಫೈಬರಲ್ಲಿ ಕರೆಂಟ್ ಹರಿಯಲ್ಲ.

ನೆಟ್ಟಿಗೆ ಸ್ಪೀಡಿಗಿಂತ ಸ್ಥಿರತೆ ಮುಖ್ಯ. ಜಿ.711 ಅನ್ನೋ ಸಾಮಾನ್ಯ ಕೋಡೆಕ್ಕಲ್ಲಿ (ಧ್ವನಿಯನ್ನ ನೆಟ್ಟಲ್ಲಿ ಕಳಿಸೋ ರೂಪಕ್ಕೆ ತರೋ ವಿಧಾನ) ಒಂದು ಕಾಲಿಗೆ ಒಂದೊಂದು ದಿಕ್ಕಿಗೂ ಸುಮಾರು 90 ಕೆಬಿಪಿಎಸ್ ಸಾಕು, ಐದು ಕಾಲಿಗೆ ಅರ್ಧ ಎಂಬಿಪಿಎಸ್ ಕೂಡ ಆಗಲ್ಲ. ಆದ್ರೆ ಒಂದು ಕಡೆಯಿಂದ ಹೋಗೋ ತಡ 150 ಮಿಲಿಸೆಕೆಂಡ್ ದಾಟಬಾರದು, ಪ್ಯಾಕೆಟ್ (ನೆಟ್ಟಲ್ಲಿ ಹೋಗೋ ಧ್ವನಿಯ ತುಂಡು) ಕಳೆದುಹೋಗೋದು ನೂರಕ್ಕೆ ಒಂದರ ಒಳಗಿರಬೇಕು. ಲ್ಯಾಪ್‌ಟಾಪಿಂದ 500 ಪಿಂಗ್ (ಹೋಗಿ ವಾಪಸ್ ಬರೋ ಪರೀಕ್ಷೆಯ ಪ್ಯಾಕೆಟ್ಟು) ಬಿಟ್ಟು ನೋಡಿ, ಒಮ್ಮೆ ಬೆಳಗ್ಗೆ 11ಕ್ಕೆ, ಒಮ್ಮೆ ಜೋರು ಮಳೆ ಬರೋವಾಗ.

ಹಂತ 4: ಪಿಬಿಎಕ್ಸು ಆಫೀಸಲ್ಲೋ ಕ್ಲೌಡಲ್ಲೋ

ಒಂದೇ ಕಟ್ಟಡ, ಎಲ್ಲರೂ ಕುರ್ಚಿಲೇ ಕೂತು ಕೆಲಸ ಮಾಡ್ತಾರೆ ಅಂದ್ರೆ ಆಫೀಸಲ್ಲೇ ಒಂದು ಡಬ್ಬ ಇಡೋದು ಸರಿ, ಫ್ರೀಪಿಬಿಎಕ್ಸ್ ಥರದ ಸಾಫ್ಟ್‌ವೇರನ್ನ ಸಣ್ಣ ಕಂಪ್ಯೂಟರಲ್ಲೂ ಓಡಿಸಬಹುದು. ಜನ ಹೊರಗಡೆ ಓಡಾಡ್ತಾರೆ, ಸಾಗರದಲ್ಲೊಬ್ರು ಇದ್ದಾರೆ, ನೆಟ್ಟು ಆಗಾಗ ಹೋಗತ್ತೆ ಅಂದ್ರೆ ಎಕ್ಸೋಟೆಲ್, ಓಜೋನ್‌ಟೆಲ್, ಮೈಆಪರೇಟರ್ ಥರದ ಕ್ಲೌಡ್ ಸೇವೆ ವಾಸಿ. ಮಲೆನಾಡಿಗೆ ನನ್ನ ಮೊದಲ ಆಯ್ಕೆ ಕ್ಲೌಡೇ. ಮರ ಬಿದ್ದು ನಿಮ್ಮ ಫೈಬರ್ ಕಡಿದು ಹೋದ್ರೂ ಕಾಲು ಅಲ್ಲಿಂದಲೇ ಮೊಬೈಲಿಗೆ ತಿರುಗತ್ತೆ.

ಆಫೀಸಲ್ಲೇ ಡಬ್ಬ ಇಡೋರು ಸಿಪ್ ಟ್ರಂಕ್ ಕೊಟ್ಟವರ ಕಡೆಯಿಂದ್ಲೇ "ಸಿಸ್ಟಮ್ ಸಿಗದಿದ್ರೆ ಈ ಮೊಬೈಲಿಗೆ ಕಳಿಸಿ" ಅಂತ ಹಾಕಿಸಿ. ಆ ಫಾರ್ವರ್ಡನ್ನ ಪಿಬಿಎಕ್ಸ್ ಒಳಗೆ ಬರೆದಿಟ್ರೆ ಪ್ರಯೋಜನ ಇಲ್ಲ, ಪಿಬಿಎಕ್ಸೇ ಆಫ್ ಆಗಿರೋವಾಗ ಕಳಿಸೋರು ಯಾರು?

ಇನ್ನೊಂದು, ಏರ್‌ಫೈಬರ್ ಅಥವಾ ಸಿಮ್ ರೂಟರಿನ ನೆಟ್ಟಲ್ಲಿ ಸಾಮಾನ್ಯವಾಗಿ ನಿಮಗೇ ಅಂತ ಪಬ್ಲಿಕ್ ಐಪಿ (ಹೊರಗಿಂದ ತಲುಪೋಕಾಗೋ ಇಂಟರ್ನೆಟ್ ವಿಳಾಸ) ಸಿಗಲ್ಲ. ಅದರ ಹಿಂದೆ ಪಿಬಿಎಕ್ಸ್ ಇಟ್ಟು ಹೊರಗಡೆಯ ಮೊಬೈಲಿಂದ ಲಾಗಿನ್ ಆಗಿ ಅಂದ್ರೆ ಆಗಲ್ಲ. ಸ್ಟ್ಯಾಟಿಕ್ ಐಪಿ (ಬದಲಾಗದ ವಿಳಾಸ) ತಗೊಳಿ ಇಲ್ಲಾ ವಿಪಿಎನ್ (ಇಂಟರ್ನೆಟ್ ಮೇಲೆ ನಿಮ್ಮದೇ ಖಾಸಗಿ ದಾರಿ) ಹಾಕಿ.

ಹಂತ 5: ಟೈಮು, ಡಯಲ್ ಪ್ಲಾನು (ನಂಬರ್ ಹೋಗೋ ನಿಯಮ), ಐವಿಆರ್ (ಇದಕ್ಕೆ 1 ಒತ್ತಿ ಅನ್ನೋ ರೆಕಾರ್ಡ್ ಧ್ವನಿ)

ಮೊದಲು ಗಡಿಯಾರ. ಸಿಸ್ಟಮ್ಮಿನ ಟೈಮ್‌ಝೋನ್ ಏಷ್ಯಾ ಕೋಲ್ಕತಾ ಇದೆಯಾ ನೋಡಿ. ಯುಟಿಸಿಲಿ (ನಮಗಿಂತ ಐದೂವರೆ ಗಂಟೆ ಹಿಂದಿರೋ ವಿಶ್ವ ಸಮಯ) ಬಿಟ್ರೆ ಬೆಳಗ್ಗೆ 10ರಿಂದ ಸಂಜೆ 6 ಅಂತ ನೀವು ಹಾಕಿದ್ದು ಮಧ್ಯಾಹ್ನ 3.30ಕ್ಕೆ ಶುರುವಾಗಿ ರಾತ್ರಿ 11.30ಕ್ಕೆ ಮುಗಿಯತ್ತೆ. "ಬೆಳಗ್ಗೆಯೆಲ್ಲ ಆಫೀಸ್ ಮುಚ್ಚಿದೆ ಅಂತ ಹೇಳ್ತಿದೆ" ಅಂತ ದೂರು ಬಂದ್ರೆ ನಾನು ಮೊದಲು ನೋಡೋದೇ ಇದನ್ನ.

2021ರ ಜನವರಿ 15ರಿಂದ ಲ್ಯಾಂಡ್‌ಲೈನಿಂದ ಮೊಬೈಲಿಗೆ ಮಾಡೋವಾಗ ಮುಂದೆ 0 ಹಾಕೋದು ಕಡ್ಡಾಯ. ಹಳೇ ಇಪಿಎಬಿಎಕ್ಸಲ್ಲಿ (ಹಳೇ ಥರದ ಪಿಬಿಎಕ್ಸು) ಅಥವಾ ಸಿಆರ್‌ಎಂ ಒಳಗಿಂದ ಕ್ಲಿಕ್ ಮಾಡಿ ಡಯಲ್ ಮಾಡಿದಾಗ 10 ಅಂಕಿ ಮಾತ್ರ ಹೋಗಿ ಕಾಲು ಬೀಳಲ್ಲ. 10 ಅಂಕಿ ಬಂದ್ರೆ ಮುಂದೆ 0 ಸೇರಿಸು, +91 ಇದ್ರೆ ಅದನ್ನ ತೆಗೆದು 0 ಹಾಕು ಅನ್ನೋ ನಿಯಮ ಬರೀರಿ. ಸಿಪ್ ಟ್ರಂಕಾದ್ರೆ ಅವರಿಗೆ ಯಾವ ರೂಪದಲ್ಲಿ ಬೇಕು ಕೇಳ್ಕೊಳಿ. ತುರ್ತು ನಂಬರ್ 112 ಎಲ್ಲಾ ಎಕ್ಸ್‌ಟೆನ್ಷನ್ನಿಂದ್ಲೂ ಹೊರಗಿನ ಲೈನಿಗೆ ಅಂತ ಮುಂದೆ 9 ಒತ್ತದೇ ನೇರ ಹೋಗಬೇಕು.

ಸಾದಾ ಲೈನ್ ಬಳಸೋರಿಗೆ ಒಂದು ಮಾತು. ಆ ಕಡೆಯವರು ಫೋನ್ ಇಟ್ರೂ ಲೈನ್ ಹಿಡ್ಕೊಂಡೇ ಇರತ್ತೆ ಅನ್ನೋದು ಹಳೇ ಗೋಳು. ಪಿಬಿಎಕ್ಸಲ್ಲಿ ದೇಶ ಇಂಡಿಯಾ ಅಂತ ಆರಿಸಿ, ಆ ಕಡೆಯವರು ಇಟ್ಟಾಗ ಬರೋ ಎಂಗೇಜ್ ಟೋನ್ ಗುರುತಿಸಿಯೇ ಅದು ಲೈನ್ ಬಿಡೋದು, ನಮ್ಮ ಎಂಗೇಜ್ ಟೋನ್ 400 ಹರ್ಟ್ಜ್, ಮುಕ್ಕಾಲು ಸೆಕೆಂಡ್ ಸದ್ದು, ಮುಕ್ಕಾಲು ಸೆಕೆಂಡ್ ಮೌನ. ಅಮೆರಿಕದ ಸೆಟ್ಟಿಂಗಲ್ಲೇ ಬಿಟ್ರೆ ಅದಕ್ಕೆ ಇದು ಅರ್ಥ ಆಗಲ್ಲ.

ಐವಿಆರ್ ಧ್ವನಿ ನಿಮ್ಮ ಕೌಂಟರಿನವರದ್ದೇ ಇರಲಿ, ನಮ್ಮ ಕಡೆ ಕನ್ನಡದಲ್ಲಿ, ಹತ್ತು ಸೆಕೆಂಡಿನ ಒಳಗೆ. ಮೂರಕ್ಕಿಂತ ಜಾಸ್ತಿ ಆಯ್ಕೆ ಬೇಡ. ಏನೂ ಒತ್ತದಿದ್ರೆ ಐದು ಸೆಕೆಂಡಿಗೆ ನೇರ ಕೌಂಟರಿಗೆ ಹೋಗಲಿ, ವಯಸ್ಸಾದವರು ಬಟನ್ ಹುಡುಕ್ತಾ ಕೂರಬಾರದು.

ಐವಿಆರ್ ಆನ್ ಮಾಡೋ ಮೊದಲು ಆಫೀಸ್ ನಂಬರಿಗೆ ವಾಟ್ಸಾಪ್ ಬಿಸಿನೆಸ್ ಮಾಡಿಸ್ಕೊಳಿ. ಲ್ಯಾಂಡ್‌ಲೈನಿಗೆ ಎಸ್‌ಎಮ್‌ಎಸ್ ಬರಲ್ಲ, ಕೋಡನ್ನ ಕಾಲ್ ಮಾಡಿ ಹೇಳತ್ತೆ. ಐವಿಆರ್ ಆಗ್ಲೇ ಇದ್ರೆ ಆ ಕಾಲಿಗೆ ನಿಮ್ಮ ಸಿಸ್ಟಮ್ಮೇ "ರೇಟಿಗಾಗಿ 1 ಒತ್ತಿ" ಅಂತ ಹೇಳ್ತಾ ಕೂರತ್ತೆ, ಕೋಡ್ ಯಾರ ಕಿವಿಗೂ ಬೀಳಲ್ಲ, ನಾಲ್ಕೈದು ಸಲ ತಪ್ಪಿದ್ಮೇಲೆ ವಾಟ್ಸಾಪು ಗಂಟೆಗಟ್ಲೆ ಕಾಯಿಸತ್ತೆ.

ಹಂತ 6: ಮೊಬೈಲ್ ಜೋಡಿಸೋದು

ದಾರಿ ಎರಡು, ಒಬ್ಬೊಬ್ಬರಿಗೆ ಒಂದೊಂದು ಸರಿಹೋಗತ್ತೆ, ಎಲ್ಲರಿಗೂ ಒಂದೇ ಹಾಕಬೇಡಿ.

ಮೊದಲನೇದು ಸಾದಾ ಫಾರ್ವರ್ಡ್, ಕಾಲು ಮಾಮೂಲಿ ಕಾಲಾಗಿ ಸಿಮ್ಮಿಗೆ ಬರತ್ತೆ. ಡೇಟಾ ಬೇಡ, ಕೀಪ್ಯಾಡ್ ಫೋನಿಗೂ ಆಗತ್ತೆ. ತೊಂದರೆ ಏನಂದ್ರೆ ಮೊಬೈಲಲ್ಲಿ ಗಿರಾಕಿ ನಂಬರ್ ಬದಲು ನಿಮ್ಮ ಆಫೀಸ್ ನಂಬರೇ ಕಾಣತ್ತೆ, ಹೊರಗೆ ಹೋಗೋ ಕಾಲಿಗೆ ಕಂಪನಿಯವರು ನಿಮ್ಮದೇ ನಂಬರ್ ಹಾಕ್ತಾರೆ. ಮಿಸ್ಡ್ ಕಾಲ್ ನೋಡಿ ವಾಪಸ್ ಮಾಡಿದ್ರೆ ತಮ್ಮ ಆಫೀಸಿಗೇ ಹೋಗತ್ತೆ! ಅದಕ್ಕೆ ಫಾರ್ವರ್ಡ್ ಇಡೋರಿಗೆ ಪ್ರತಿ ಮಿಸ್ಡ್ ಕಾಲಿನ ನಿಜವಾದ ನಂಬರು ಮೆಸೇಜಲ್ಲಿ ಬರೋ ಹಂಗೆ ಹಂತ 7ರಲ್ಲಿ ಜೋಡಿಸ್ಕೊಳಿ. ಜೊತೆಗೆ "ಮಾತಾಡೋಕೆ 1 ಒತ್ತಿ" ಅನ್ನೋ ಖಾತ್ರಿ ಹಾಕಿ, ಇಲ್ಲದಿದ್ರೆ "ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್" ಅನ್ನೋ ಧ್ವನಿಯನ್ನೇ ಸಿಸ್ಟಮ್ಮು ಮನುಷ್ಯರು ಎತ್ತಿದ್ರು ಅಂತ ತಿಳಿದು ಅಲ್ಲೇ ನಿಂತುಬಿಡತ್ತೆ, ಸಾದಾ ಲ್ಯಾಂಡ್‌ಲೈನ್ ಮೂಲಕ ಹೊರಗೆ ಹೋದಾಗಂತೂ ಹೀಗೇ ಆಗೋದು.

ಸ್ಟಾರ್ 401 ಹ್ಯಾಶ್ ಒತ್ತಿ ಮೊಬೈಲಿಂದ ಮೊಬೈಲಿಗೆ ಫಾರ್ವರ್ಡ್ ಮಾಡ್ತಿದ್ದವರು ಗಮನಿಸಿ, ಮೋಸ ಜಾಸ್ತಿ ಆಗಿದ್ದಕ್ಕೆ ಟೆಲಿಕಾಂ ಇಲಾಖೆ ಅದನ್ನ 2024ರ ಏಪ್ರಿಲ್ 15ರಿಂದ ನಿಲ್ಲಿಸೋಕೆ ಹೇಳ್ತು. ಫೋನಿನ ಕಾಲ್ ಸೆಟ್ಟಿಂಗಲ್ಲಿ ಹೋಗಿ ಮಾಡಿ. ಯಾರೋ ಫೋನಲ್ಲಿ ಹೇಳಿದ ಕೋಡನ್ನ ಒತ್ತಲೇಬೇಡಿ, ನಿಮ್ಮ ಓಟಿಪಿ ಕಾಲು ಅವರಿಗೆ ಹೋಗತ್ತೆ.

ಎರಡನೇದು ಸಾಫ್ಟ್‌ಫೋನ್ ಆಪ್, ಮೊಬೈಲೇ ಆಫೀಸಿನ ಎಕ್ಸ್‌ಟೆನ್ಷನ್ ಆಗತ್ತೆ. ಗಿರಾಕಿ ನಂಬರ್ ಕಾಣತ್ತೆ, ಕಾಲನ್ನ ಇನ್ನೊಬ್ಬರಿಗೆ ವರ್ಗಾಯಿಸಬಹುದು, ವಾಪಸ್ ಮಾಡಿದ್ರೆ ಆಫೀಸ್ ನಂಬರಿಂದ್ಲೇ ಹೋಗತ್ತೆ. ಹಾಕೋ ಕ್ರಮ ಹೀಗಿರಲಿ:

ಮೊದಲು ಆಫೀಸ್ ವೈಫೈಲಿ ಲಾಗಿನ್ ಮಾಡಿ ಎರಡೂ ಕಡೆ ಧ್ವನಿ ಬರೋದು ನೋಡಿ. ಆಮೇಲೆ ವೈಫೈ ಆರಿಸಿ ಮೊಬೈಲ್ ಡೇಟಾಲಿ ನೋಡಿ. ಆಮೇಲೆ ಫೋನಿನ ಬ್ಯಾಟರಿ ಸೆಟ್ಟಿಂಗಿಗೆ ಹೋಗಿ ಆ ಆಪಿಗೆ ಬ್ಯಾಟರಿ ಉಳಿತಾಯ ತೆಗೀರಿ, ಆಟೋಸ್ಟಾರ್ಟ್ ಕೊಡಿ, ನೋಟಿಫಿಕೇಶನ್ ಮತ್ತೆ ಲಾಕ್ ಸ್ಕ್ರೀನ್ ಮೇಲೆ ತೋರಿಸೋ ಅನುಮತಿ ಕೊಡಿ. ಕೊನೆಗೆ ಫೋನನ್ನ ಲಾಕ್ ಮಾಡಿ ಒಂದು ಗಂಟೆ ಮುಟ್ಟದೇ ಇಟ್ಟು ಕಾಲ್ ಮಾಡಿ. ಈ ಒಂದು ಗಂಟೆ ಪರೀಕ್ಷೆ ಯಾರೂ ಮಾಡಲ್ಲ, ಹಾಕಿದ ತಕ್ಷಣ ರಿಂಗಾಯ್ತು ಅಂತ ಖುಷಿಲಿ ಹೋಗ್ತಾರೆ, ರಾತ್ರಿ ಕಳೆದ ಮೇಲೆ ಆಂಡ್ರಾಯ್ಡು ಆಪನ್ನ ಮಲಗಿಸಿರತ್ತೆ. ಪುಶ್ ಸೌಲಭ್ಯ ಇರೋ ಆಪನ್ನೇ ತಗೊಳಿ, ಕಾಲ್ ಬಂದಾಗ ಅದು ಮಲಗಿರೋ ಆಪನ್ನ ಎಬ್ಬಿಸತ್ತೆ.

ಘಾಟಿ ರಸ್ತೇಲಿ ಓಡಾಡೋ ಸಾಹುಕಾರ್ರಿಗೆ ಸಾದಾ ಫಾರ್ವರ್ಡೇ ಇಡಿ, ಟವರಿಂದ ಟವರಿಗೆ ಹಾರುವಾಗ ಆಪ್ ಕಾಲು ನಿಲ್ಲಲ್ಲ. ಮನೇಲಿ ಸಿಗ್ನಲ್ ಇಲ್ಲ, ಆದ್ರೆ ಫೈಬರ್ ಇದೆ ಅನ್ನೋರು ಫೋನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದ್ರೆ ಫಾರ್ವರ್ಡ್ ಆದ ಕಾಲು ವೈಫೈ ಮೇಲೇ ಬರತ್ತೆ, ಹೊಸನಗರ ಆಗುಂಬೆ ಕಡೆಯವರಿಗೆ ಇದು ಬಹಳ ಉಪಯೋಗ.

ಹಂತ 7: ಸಾಫ್ಟ್‌ವೇರ್ ಜೋಡಿಸೋದು

ಇಲ್ಲಿ ತನಕದ್ದು ಒಂದು ವಾರ ತೊಂದರೆ ಇಲ್ಲದೇ ನಡೆದ ಮೇಲೇ ಇದಕ್ಕೆ ಕೈ ಹಾಕಿ.

ಕೆಲಸ ಆಗೋದು ಹೀಗೆ: ಕಾಲ್ ಶುರುವಾದಾಗ, ಎತ್ತಿದಾಗ, ಇಟ್ಟಾಗ ಫೋನ್ ಸಿಸ್ಟಮ್ಮು ನಿಮ್ಮ ಸಾಫ್ಟ್‌ವೇರಿನ ಒಂದು ವೆಬ್ ವಿಳಾಸಕ್ಕೆ ಸುದ್ದಿ ಕಳಿಸತ್ತೆ, ಅದೇ ವೆಬ್‌ಹುಕ್. ಯಾರಿಂದ, ಯಾರಿಗೆ, ಎಷ್ಟು ಸೆಕೆಂಡು, ರೆಕಾರ್ಡಿಂಗ್ ಎಲ್ಲಿದೆ ಎಲ್ಲಾ ಅದರಲ್ಲಿರತ್ತೆ. ಜೋಹೋ ಸಿಆರ್‌ಎಂ ಥರದ್ದಕ್ಕೆ ಫೋನ್‌ಬ್ರಿಡ್ಜ್ ಅಂತ ಸಿದ್ಧ ಜೋಡಣೆ ಇದೆ, ನಿಮ್ಮ ಫೋನ್ ಕಂಪನಿ ಅದರ ಪಟ್ಟಿಲಿದ್ರೆ ಅದನ್ನೇ ಬಳಸಿ.

ನಂಬರಿನ ರೂಪ ಒಂದೇ ಮಾಡಿ. ಇದಕ್ಕಿಂತ ದೊಡ್ಡ ತಪ್ಪು ಈ ಹಂತದಲ್ಲಿ ಇಲ್ಲ. ಫೋನ್ ಸಿಸ್ಟಮ್ಮು +91 ಹಾಕಿ ಕಳಿಸತ್ತೆ, ಸಿಆರ್‌ಎಂಲಿ ಕೆಲವು 0 ಹಾಕಿ, ಕೆಲವು ಮಧ್ಯ ಜಾಗ ಬಿಟ್ಟು ಬರೆದಿರ್ತಾರೆ, ಅದಕ್ಕೇ ಹತ್ತು ವರ್ಷದ ಗಿರಾಕಿಯೂ ಅಪರಿಚಿತ ಅಂತ ಬರೋದು. ನಮ್ಮ ದೇಶದಲ್ಲಿ ಮುಂದಿನ 0 ಬಿಟ್ರೆ ಮೊಬೈಲೂ 10 ಅಂಕಿ, ಎಸ್‌ಟಿಡಿ ಕೋಡ್ ಸೇರಿದ ಲ್ಯಾಂಡ್‌ಲೈನೂ 10 ಅಂಕಿ. ಹಂಗಾಗಿ ಕೊನೆಯ 10 ಅಂಕಿ ಮಾತ್ರ ಹೋಲಿಸು ಅಂತ ಹೇಳಿದ್ರೆ ಎಲ್ಲಾ ಸರಿಹೋಗತ್ತೆ. ಜೋಡಿಸೋ ಮೊದಲೇ ಹಳೇ ಪಟ್ಟಿ ಶುದ್ಧ ಮಾಡಿ, ಹೆಸರು ಕನ್ನಡದಲ್ಲೊಂದ್ಸಲ ಇಂಗ್ಲಿಷಲ್ಲೊಂದ್ಸಲ ಬರೆದಿದ್ರೆ ಹೆಸರು ನಂಬಬೇಡಿ, ನಂಬರಿಂದ್ಲೇ ಗುರುತಿಸಿ.

ಸಿಆರ್‌ಎಂ ಇಲ್ಲದ ಸಣ್ಣವರಿಗೆ ಗೂಗಲ್ ಶೀಟೇ ಸಾಕು, ಆಪ್ಸ್ ಸ್ಕ್ರಿಪ್ಟಿಂದ (ಶೀಟಿನ ಜೊತೆ ಸಣ್ಣ ಪ್ರೋಗ್ರಾಂ ಬರೆಯೋ ಸೌಲಭ್ಯ) ವೆಬ್‌ಹುಕ್ ಹಿಡಿದು ಸಾಲು ಬರೆಸಬಹುದು. ನಂಬರಿನ ಕಾಲಂ ಪ್ಲೇನ್ ಟೆಕ್ಸ್ಟ್ ಮಾಡಿ, ಇಲ್ಲದಿದ್ರೆ ಮುಂದಿನ 0 ನುಂಗತ್ತೆ. ಸ್ಕ್ರಿಪ್ಟ್ ತಿದ್ದಿದ್ಮೇಲೆ ಹೊಸ ವರ್ಷನ್ ಅಂತ ಮತ್ತೆ ಡಿಪ್ಲಾಯ್ ಮಾಡಿ (ಬಳಕೆಗೆ ಬಿಡಿ), ಮಾಡದಿದ್ರೆ ಹಳೇದೇ ಓಡ್ತಿರತ್ತೆ.

ಒಂದೇ ಕಾಲಿನ ಸುದ್ದಿ ಎರಡು ಸಲ ಬರೋದುಂಟು, ಕಾಲ್ ಐಡಿ ನೋಡಿ ಇದ್ದರೆ ತಿದ್ದು, ಇಲ್ಲದಿದ್ರೆ ಸೇರಿಸು ಅಂತ ಬರೀರಿ. ಮೊದಲ ತಿಂಗಳು ಎರಡೇ ಕೆಲಸ ಮಾಡಿಸಿ: ಕಾಲ್ ಬಂದಾಗ ಹೆಸರು ತೋರಿಸೋದು, ಮಿಸ್ಡ್ ಕಾಲನ್ನ ಯಾರದಾದ್ರೂ ಒಬ್ಬರ ಹೆಸರಿಗೆ ಕೆಲಸವಾಗಿ ಹಾಕಿ ಆ ನಂಬರನ್ನ ಅವರಿಗೆ ಮೆಸೇಜ್ ಮಾಡೋದು. ಎಲ್ಲರಿಗೂ ಸುದ್ದಿ ಹೋದ್ರೆ ಯಾರೂ ವಾಪಸ್ ಮಾಡಲ್ಲ.

ಸಾಫ್ಟ್‌ವೇರಲ್ಲಿ ಪಟ್ಟಿ ಇದೆ ಅಂತ ಅದೇ ನಂಬರಿಂದ ಸಾಲಾಗಿ ಜಾಹೀರಾತು ಕಾಲ್ ಮಾಡೋಕೆ ಹೋಗಬೇಡಿ. ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2018ರಲ್ಲಿ ಮಾಡಿದ ನಿಯಮದ ಪ್ರಕಾರ ಪ್ರಚಾರದ ಕಾಲಿಗೆ ನೋಂದಣಿ ಬೇಕು, 140ರ ಸರಣಿ ಬೇರೆ ಇದೆ. ದೂರು ಹೋದ್ರೆ ನಿಮ್ಮ ಹಳೇ ನಂಬರೇ ಕಟ್ಟಾಗಬಹುದು.

ಹಂತ 8: ಬೀಗ ಹಾಕೋದು

ಎಕ್ಸ್‌ಟೆನ್ಷನ್ 101ಕ್ಕೆ ಪಾಸ್‌ವರ್ಡೂ 101 ಇಡೋದು ನಿಲ್ಲಿಸಿ. ರಾತ್ರಿ ಹೊತ್ತು ಇಂಟರ್ನೆಟ್ಟಿಂದ ಹುಡುಕ್ಕೊಂಡು ಬಂದು ನಿಮ್ಮ ಲೈನಲ್ಲಿ ಹೊರದೇಶಕ್ಕೆ ಕಾಲ್ ಮಾಡೋರಿದ್ದಾರೆ, ಬಿಲ್ಲು ಬರೋದು ನಿಮಗೆ. ಐಎಸ್‌ಡಿ (ಹೊರದೇಶದ ಕಾಲ್) ಸೌಲಭ್ಯವನ್ನ ಫೋನ್ ಕಂಪನಿ ಕಡೆಯಿಂದ್ಲೇ ಬಂದ್ ಮಾಡಿಸಿ. ಸಿಪ್ಪಿನ 5060 ಪೋರ್ಟನ್ನ (ನೆಟ್ಟಿಂದ ಕಾಲಿನ ಸುದ್ದಿ ಬರೋ ಬಾಗಿಲು) ಇಡೀ ಜಗತ್ತಿಗೆ ತೆರೆದಿಡಬೇಡಿ. ಕೆಲಸ ಬಿಟ್ಟು ಹೋದವರ ಆಪ್ ಲಾಗಿನ್ನನ್ನ ಅವತ್ತೇ ತೆಗೀರಿ. ರೆಕಾರ್ಡ್ ಮಾಡೋದಾದ್ರೆ ಶುರುವಿನಲ್ಲೇ ಹೇಳಿ, ಎಷ್ಟು ದಿನ ಇಟ್ಕೊಳ್ತೀರಿ ಅಂತ ತೀರ್ಮಾನ ಮಾಡಿ, ಮಿಕ್ಕಿದ್ದು ಅಳಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಇದನ್ನೂ ಮುಟ್ಟತ್ತೆ.

ಹಂತ 9: ಪರೀಕ್ಷೆ, ಮತ್ತೆ ಕೆಟ್ಟಾಗ ಕಾಣೋ ಗುರುತು

ಒಂದು ಕಡೆ ಮಾತ್ರ ಧ್ವನಿ ಕೇಳತ್ತೆ: ರೂಟರಲ್ಲಿ ಸಿಪ್ ಎಎಲ್‌ಜಿ ಅಂತ ಕಾಲಿನ ಸುದ್ದಿಯನ್ನ ಮಧ್ಯೆ ತಿದ್ದೋ ಸೆಟ್ಟಿಂಗ್ ಒಂದಿರತ್ತೆ, ಆಫ್ ಮಾಡಿ. ಹೋಗದಿದ್ರೆ ಧ್ವನಿ ಓಡಾಡೋ ಪೋರ್ಟುಗಳು ಮುಚ್ಚಿವೆಯಾ ನೋಡಿ, ಆಸ್ಟರಿಸ್ಕಿನದ್ದು (ಫ್ರೀಪಿಬಿಎಕ್ಸ್ ಒಳಗೆ ಓಡೋ ಸಾಫ್ಟ್‌ವೇರು) ಸಾಮಾನ್ಯವಾಗಿ 10000ದಿಂದ 20000.

ಪ್ರತಿ ಕಾಲೂ ಸರಿಯಾಗಿ 32 ಸೆಕೆಂಡಿಗೆ ಕಟ್ಟಾಗತ್ತೆ: ನೆಟ್ ನಿಧಾನ ಅಂತ ಬೈಬೇಡಿ. ಕಾಲ್ ಎತ್ತಿದೆ ಅನ್ನೋದಕ್ಕೆ ಆ ಕಡೆಯ ಒಪ್ಪಿಗೆ ಸುದ್ದಿ ವಾಪಸ್ ಬರ್ತಿಲ್ಲ, ಪಿಬಿಎಕ್ಸಲ್ಲಿ ಹೊರಗಿನ ಐಪಿ ವಿಳಾಸ ತಪ್ಪಾಗಿರತ್ತೆ.

1, 2 ಒತ್ತಿದ್ರೆ ಐವಿಆರಿಗೆ ಗೊತ್ತಾಗಲ್ಲ: ಡಿಟಿಎಂಎಫ್ (ಬಟನ್ ಒತ್ತಿದಾಗಿನ ಸದ್ದು) ಸೆಟ್ಟಿಂಗನ್ನ ಆರ್‌ಎಫ್‌ಸಿ 2833 ಅಥವಾ 4733ಕ್ಕೆ ಇಡಿ.

ನಡುರಾತ್ರಿ 100, 1000 ಥರದ ನಂಬರಿಂದ ಫೋನ್ ಸುಮ್ಮನೆ ರಿಂಗಾಗತ್ತೆ: ಯಾರೋ ಬೀಗ ತಟ್ಟಿ ನೋಡ್ತಿದ್ದಾರೆ, ಹಂತ 8ಕ್ಕೆ ಅವತ್ತೇ ವಾಪಸ್ ಹೋಗಿ.

ಧ್ವನಿ ಒಡೆದು ಒಡೆದು ಬರತ್ತೆ, ಅದೂ ಸಂಜೆ ಮಾತ್ರ: ಅದೇ ನೆಟ್ಟಲ್ಲಿ ಸಿಸಿಟಿವಿ ಕ್ಯಾಮೆರಾ ಕ್ಲೌಡಿಗೆ ವಿಡಿಯೋ ಕಳಿಸ್ತಿದೆಯಾ ನೋಡಿ. ರೂಟರಲ್ಲಿ ಫೋನಿಗೆ ಮೊದಲ ಆದ್ಯತೆ ಕೊಡಿ.

ಎಲ್ಲಾ ಆದ ಮೇಲೆ ಹಂತ 1ರ ಹಾಳೆ ತಗೊಂಡು ಪ್ರತಿ ದಾರಿಗೂ ನಿಜವಾದ ಕಾಲ್ ಮಾಡಿ: ಲ್ಯಾಂಡ್‌ಲೈನಿಂದ ಒಂದು, ಎರಡೂ ಕಂಪನಿ ಮೊಬೈಲಿಂದ ಒಂದೊಂದು, ಆಫೀಸ್ ಮುಚ್ಚಿದ ಮೇಲೊಂದು, ಫೈಬರ್ ತಂತಿ ಕಿತ್ತು ಒಂದು. ಸರಿಹೋದದ್ದಕ್ಕೆ ಹಾಳೇಲಿ ಗುರುತು ಹಾಕಿ. ಹಾಳೆಯ ಹಿಂದೆ ಟ್ರಂಕ್ ಕಂಪನಿಯ ದೂರಿನ ನಂಬರು, ನಿಮ್ಮ ಗ್ರಾಹಕ ಸಂಖ್ಯೆ, ಯಾವ ಡಬ್ಬ ಯಾವ ಕ್ರಮದಲ್ಲಿ ಆಫ್ ಮಾಡಿ ಆನ್ ಮಾಡಬೇಕು ಅಂತ ಬರೆದು, ಅಂದ್ರೆ ಮೊದಲು ಮೋಡೆಮ್, ಎರಡು ನಿಮಿಷ ಬಿಟ್ಟು ರೂಟರ್, ಆಮೇಲೆ ಪಿಬಿಎಕ್ಸ್, ಪ್ಲಾಸ್ಟಿಕ್ ಕವರಲ್ಲಿ ಹಾಕಿ ಡಬ್ಬದ ಪಕ್ಕದ ಗೋಡೆಗೆ ಅಂಟಿಸಿ. ಮಳೆಗಾಲದಲ್ಲಿ ನಾನು ಬರೋಕೆ ಆಗದೇ ಇದ್ದಾಗ ಕೌಂಟರಿನವರೇ ಅದನ್ನ ನೋಡ್ಕೊಂಡು ಹತ್ತು ನಿಮಿಷದಲ್ಲಿ ಲೈನ್ ಎಬ್ಬಿಸಿದ್ದಾರೆ.